ಮಿಷನ್ ಶಾಸ್ತ್ರ

ಮಿಷನ್ ಶಾಸ್ತ್ರ ಅಥವಾ ಮಿಸಿಯಾಲಜಿ ಎಂಬುದು ಕ್ರೈಸ್ತ ಮಿಷನರಿಗಳ ಕಾರ್ಯದ ಉದ್ದೇಶ, ಇತಿಹಾಸ, ವಿಧಾನ ಹಾಗೂ ಪರಿಣಾಮಗಳನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಜ್ಞಾನಶಾಖೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ವಿದ್ಯಾಪೀಠಗಳಲ್ಲಿ ಇದು ದೈವಶಾಸ್ತ್ರದ ಒಂದು ಕವಲಾಗಿ ರೂಪುಗೊಂಡಿತು. ಹೊರದೇಶಗಳಿಗೆ ಹೋಗುವ ಮಿಷನರಿಗಳನ್ನು ಸಿದ್ಧಗೊಳಿಸುವುದು ಮತ್ತು ಅವರ ಕಾರ್ಯಕ್ಕೆ ತಾತ್ತ್ವಿಕ ಆಧಾರವನ್ನು ಒದಗಿಸುವುದು ಆರಂಭದಲ್ಲಿ ಇದರ ಗುರಿಯಾಗಿತ್ತು. 20ನೆಯ ಶತಮಾನದಲ್ಲಿ ಇತಿಹಾಸ, ಮಾನವಶಾಸ್ತ್ರ, ಸಮಾಜಶಾಸ್ತ್ರ ಹಾಗೂ ಭಾಷಾಶಾಸ್ತ್ರಗಳ ವಿದ್ವಾಂಸರು ಈ ಕ್ಷೇತ್ರವನ್ನು ಪ್ರವೇಶಿಸಿದರು. ಇದರಿಂದ ಶಾಸ್ತ್ರದ ಮುಖ್ಯ ಪ್ರಶ್ನೆಯೇ ಬದಲಾಯಿತು. ಮಿಷನ್ ಕಾರ್ಯವನ್ನು ಹೇಗೆ ನಡೆಸಬೇಕು ಎಂಬುದರ ಜೊತೆಗೆ, ಆ ಕಾರ್ಯದಿಂದ ವಾಸ್ತವವಾಗಿ ಏನು ನಡೆಯಿತು, ಅದನ್ನು ನಡೆಸಿದವರು ಯಾರು, ಅದಕ್ಕೆ ಒಳಗಾದ ಜನರು ಅದನ್ನು ಹೇಗೆ ಗ್ರಹಿಸಿದರು ಎಂಬ ಪ್ರಶ್ನೆಗಳು ಮುಂದೆ ಬಂದವು.

ಭಾರತದಲ್ಲಿ ಮತಾಂತರವು ಇಂದಿಗೂ ತೀವ್ರ ವಾಗ್ವಾದದ ವಿಷಯವಾಗಿದೆ. ಆದುದರಿಂದ ಇಲ್ಲಿ ಈ ಶಾಸ್ತ್ರಕ್ಕೆ ವಿದ್ವತ್ತಿನ ವಲಯವನ್ನು ಮೀರಿದ ಮಹತ್ವವಿದೆ. ಮಿಷನರಿಗಳನ್ನು ಕೇವಲ ಉಪಕಾರಿಗಳೆಂದಾಗಲಿ ಕೇವಲ ವಸಾಹತುಶಾಹಿಯ ಅಂಗವೆಂದಾಗಲಿ ಕಾಣುವ ಎರಡೂ ನಿಲುವುಗಳನ್ನು ಮೂಲ ದಾಖಲೆಗಳ ಆಧಾರದಿಂದ ಪರೀಕ್ಷಿಸುವ ಅವಕಾಶವನ್ನು ಇದು ಒದಗಿಸುತ್ತದೆ.

ಹೆಸರು ಮತ್ತು ವ್ಯಾಪ್ತಿ

'ಮಿಷನ್' ಪದದ ಮೂಲ 'ಕಳುಹಿಸುವಿಕೆ' ಎಂಬ ಅರ್ಥವುಳ್ಳ ಲ್ಯಾಟಿನ್ ಭಾಷೆಯ 'ಮಿಸಿಯೊ'. ಮಧ್ಯಯುಗದ ದೈವಶಾಸ್ತ್ರದಲ್ಲಿ ಈ ಪದವು ತಂದೆಯಾದ ದೇವರು ಪುತ್ರನನ್ನೂ ಪವಿತ್ರಾತ್ಮನನ್ನೂ ಲೋಕಕ್ಕೆ ಕಳುಹಿಸಿದುದನ್ನು ಸೂಚಿಸುತ್ತಿತ್ತು. ಧರ್ಮಪ್ರಸಾರಕ್ಕಾಗಿ ಮನುಷ್ಯರನ್ನು ಕಳುಹಿಸುವುದು ಎಂಬ ಅರ್ಥದಲ್ಲಿ ಇದನ್ನು ರೂಢಿಗೆ ತಂದವರು 16ನೆಯ ಶತಮಾನದ ಜೆಸ್ಯೂಟರು, ಅಂದರೆ ಯೇಸುಸಭೆಯವರು. ಕನ್ನಡದಲ್ಲಿ ಈ ಪದ ಹಲವು ಅರ್ಥಗಳಲ್ಲಿ ಬಳಕೆಯಲ್ಲಿದೆ. ಬಾಸೆಲ್ ಮಿಷನ್ ಎಂಬಲ್ಲಿ ಅದು ಸಂಸ್ಥೆಯನ್ನೂ, ಮಿಷನ್ ಕಾರ್ಯ ಎಂಬಲ್ಲಿ ಚಟುವಟಿಕೆಯನ್ನೂ, ಮಿಷನ್ ಶಾಲೆ, ಮಿಷನ್ ಆಸ್ಪತ್ರೆ, ಮಿಷನ್ ಕಾಂಪೌಂಡು ಎಂಬಲ್ಲಿ ಒಡೆತನವನ್ನೂ ಸೂಚಿಸುತ್ತದೆ.

ಈ ಶಾಸ್ತ್ರದ ಪರಿಶೀಲನೆಗಳನ್ನು ಸ್ಥೂಲವಾಗಿ ನಾಲ್ಕು ವಿಭಾಗಗಳಲ್ಲಿ ಇರಿಸಬಹುದು. ಮಿಷನ್ ಕಾರ್ಯ ಏಕೆ ಬೇಕು ಎಂಬ ತಾತ್ತ್ವಿಕ ವಿಚಾರ ಮೊದಲನೆಯದು. ಮಿಷನ್ ಸಂಸ್ಥೆಗಳ ಹಾಗೂ ಅವು ನೆಲೆಯೂರಿದ ಪ್ರದೇಶಗಳ ಇತಿಹಾಸ ಎರಡನೆಯದು. ಬೋಧನೆ, ಭಾಷಾಂತರ, ಶಿಕ್ಷಣ, ವೈದ್ಯಕೀಯ ಸೇವೆ ಮೊದಲಾದ ವಿಧಾನಗಳ ವಿವೇಚನೆ ಮೂರನೆಯದು. ಸಮಾಜ, ಭಾಷೆ, ಆರ್ಥಿಕತೆ ಹಾಗೂ ಇತರ ಧರ್ಮಗಳ ಮೇಲಾದ ಪರಿಣಾಮಗಳ ಅಧ್ಯಯನ ನಾಲ್ಕನೆಯದು. ಮೊದಲ ಮತ್ತು ಮೂರನೆಯ ವಿಭಾಗಗಳಲ್ಲಿ ಕ್ರೈಸ್ತ ವಿದ್ವಾಂಸರೇ ಹೆಚ್ಚು. ಉಳಿದೆರಡರಲ್ಲಿ ಬೇರೆ ಧರ್ಮಗಳಿಗೆ ಸೇರಿದವರೂ ಯಾವುದೇ ಧರ್ಮವನ್ನು ಅನುಸರಿಸದವರೂ ಕೆಲಸ ಮಾಡುತ್ತಾರೆ.

ಹಿನ್ನೆಲೆ

ಶಾಸ್ತ್ರವೆಂಬ ಹೆಸರು ಬರುವ ಮೊದಲೇ ಮಿಷನ್ ಕಾರ್ಯದ ಬಗ್ಗೆ ಚಿಂತನೆ ನಡೆದಿತ್ತು. ಪೆರುವಿನಲ್ಲಿ ಕೆಲಸ ಮಾಡಿದ ಜೆಸ್ಯೂಟ್ ಹೋಸೆ ದೆ ಅಕೋಸ್ಟಾ ಅಮೆರಿಕದ ಮೂಲನಿವಾಸಿಗಳ ನಡುವಿನ ಧರ್ಮಬೋಧನೆಯನ್ನು ಕುರಿತು ಬರೆದ ಲ್ಯಾಟಿನ್ ಗ್ರಂಥ 1588ರಲ್ಲಿ ಪ್ರಕಟವಾಯಿತು. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಅವರು ರೋಮಿನಲ್ಲಿ 'ಪ್ರೊಪಗಾಂಡ ಫಿದೆ' ಎಂಬ ಧರ್ಮಪ್ರಸಾರ ಮಂಡಳಿಯನ್ನು ಸ್ಥಾಪಿಸಿದರು. ಏಷ್ಯಾಕ್ಕೆ ಹೊರಟ ಧರ್ಮಾಧಿಕಾರಿಗಳಿಗೆ ಈ ಮಂಡಳಿ 1659ರಲ್ಲಿ ನೀಡಿದ ಸೂಚನೆಗಳು ಪ್ರಸಿದ್ಧವಾಗಿವೆ. ಧರ್ಮಕ್ಕೂ ಸದಾಚಾರಕ್ಕೂ ಸ್ಪಷ್ಟವಾಗಿ ವಿರುದ್ಧವಾಗಿಲ್ಲದ ಸ್ಥಳೀಯ ಆಚಾರಗಳನ್ನು ಬದಲಿಸಬಾರದು, ಯುರೋಪಿನ ರೀತಿನೀತಿಗಳನ್ನು ಜನರ ಮೇಲೆ ಹೇರಬಾರದು ಎಂಬುದು ಅವುಗಳ ತಾತ್ಪರ್ಯ.

ಆಚಾರ ಯಾವುದು, ಧರ್ಮ ಯಾವುದು ಎಂಬ ಪ್ರಶ್ನೆಯೇ ಭಾರತದಲ್ಲೂ ಚೀನಾದಲ್ಲೂ ದೀರ್ಘ ವಿವಾದಕ್ಕೆ ಕಾರಣವಾಯಿತು. 1606ರಲ್ಲಿ ಮಧುರೈಗೆ ಬಂದ ರೊಬೆರ್ತೊ ದೆ ನೊಬಿಲಿ ಅವರು ಸಂನ್ಯಾಸಿಯಂತೆ ಉಡುಗೆ ತೊಟ್ಟು, ಮಾಂಸಾಹಾರವನ್ನು ತ್ಯಜಿಸಿ, ಸಂಸ್ಕೃತ ಹಾಗೂ ತಮಿಳುಗಳನ್ನು ಕಲಿತರು. ಜನಿವಾರ ಮತ್ತು ಶಿಖೆ ಸಾಮಾಜಿಕ ಸ್ಥಾನದ ಗುರುತುಗಳೇ ಹೊರತು ಪೂಜೆಯ ಅಂಗಗಳಲ್ಲ ಎಂಬುದು ಅವರ ವಾದ. ಸ್ವಂತ ಸಂಘದ ಗೊನ್ಸಾಲೊ ಫೆರ್ನಾಂಡಿಸ್ ಅವರೇ ಇದನ್ನು ಕಟುವಾಗಿ ವಿರೋಧಿಸಿದರು. 1623ರಲ್ಲಿ ರೋಮಿನಿಂದ ನೊಬಿಲಿಯವರಿಗೆ ಷರತ್ತುಬದ್ಧ ಅನುಮತಿ ದೊರೆಯಿತು. ಈ ವಾಗ್ವಾದದ ಪತ್ರಗಳನ್ನು ಆಧರಿಸಿ ಇತಿಹಾಸಕಾರ್ತಿ ಇನೆಸ್ ಜುಪಾನೊವ್ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನವು, ತಮಿಳುನಾಡಿನ ಸಮಾಜವನ್ನು ಅರಿಯುವ ಪ್ರಯತ್ನವು ಮಿಷನರಿಗಳ ಒಳಜಗಳದೊಂದಿಗೆ ಹೇಗೆ ಹೆಣೆದುಕೊಂಡಿತ್ತು ಎಂಬುದನ್ನು ತೋರಿಸಿತು.

ವಿದ್ಯಾಪೀಠಗಳಲ್ಲಿ ಸ್ಥಾನ

ಪ್ರಾಟೆಸ್ಟಂಟ್ ವಲಯದಲ್ಲಿ ಈ ವಿಷಯಕ್ಕೆ ಮೀಸಲಾದ ಮೊದಲ ಪ್ರಾಧ್ಯಾಪಕ ಹುದ್ದೆ 1867ರಲ್ಲಿ ಎಡಿನ್‌ಬರೊ ನಗರದ ನ್ಯೂ ಕಾಲೇಜಿನಲ್ಲಿ ಆರಂಭವಾಯಿತು. ಅದನ್ನು ಅಲಂಕರಿಸಿದವರು 1830ರಿಂದ ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಿಕ್ಷಣದ ಮೂಲಕ ಹೆಸರಾಗಿದ್ದ ಅಲೆಕ್ಸಾಂಡರ್ ಡಫ್. ಆದರೆ ಈ ಪ್ರಯೋಗ ನಿರೀಕ್ಷಿತ ಪ್ರಭಾವವನ್ನು ಬೀರಲಿಲ್ಲ.

ಶಾಸ್ತ್ರಕ್ಕೆ ಸ್ಥಿರವಾದ ರೂಪವನ್ನು ಕೊಟ್ಟ ಶ್ರೇಯಸ್ಸು ಜರ್ಮನಿಯ ಗುಸ್ತಾಫ್ ವಾರ್ನೆಕ್ (1834–1910) ಅವರಿಗೆ ಸಲ್ಲುತ್ತದೆ. ಅವರು 1874ರಲ್ಲಿ ಮಿಷನ್ ವಿಷಯಕ್ಕೆ ಮೀಸಲಾದ ವಿದ್ವತ್ಪತ್ರಿಕೆಯೊಂದನ್ನು ಆರಂಭಿಸಿದರು. 1890ರ ದಶಕದಿಂದ ಹಲವು ಭಾಗಗಳಲ್ಲಿ ಮಿಷನ್ ಸಿದ್ಧಾಂತದ ಬೃಹತ್ ಗ್ರಂಥವನ್ನು ಹೊರತಂದರು. 1896ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರು ಸ್ವತಃ ಮಿಷನರಿಯಾಗಿ ಹೊರದೇಶಕ್ಕೆ ಹೋದವರಲ್ಲ. ಕ್ಷೇತ್ರದಿಂದ ಬಂದ ವರದಿಗಳನ್ನು ಓದಿ, ಹೋಲಿಸಿ, ವರ್ಗೀಕರಿಸಿ ಅವರು ತಮ್ಮ ಸಿದ್ಧಾಂತವನ್ನು ಕಟ್ಟಿದರು.

ಕ್ಯಾಥೊಲಿಕ್ ವಲಯದಲ್ಲಿ ಇದೇ ಕೆಲಸವನ್ನು ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಯೋಸೆಫ್ ಶ್ಮಿಡ್ಲಿನ್ ಮಾಡಿದರು. 1911ರಲ್ಲಿ ಅವರ ಪತ್ರಿಕೆ ಪ್ರಾರಂಭವಾಯಿತು. ನಾಜಿ ಆಡಳಿತವನ್ನು ಬಹಿರಂಗವಾಗಿ ಟೀಕಿಸಿದ ಶ್ಮಿಡ್ಲಿನ್ ಅವರು 1944ರಲ್ಲಿ ಬಂಧನ ಶಿಬಿರವೊಂದರಲ್ಲಿ ಮರಣ ಹೊಂದಿದರು. ವ್ಯಕ್ತಿಗಳ ಆತ್ಮೋದ್ಧಾರವೇ ಮಿಷನ್ ಕಾರ್ಯದ ಗುರಿ ಎಂಬ ಮ್ಯೂನ್‌ಸ್ಟರಿನ ನಿಲುವಿಗೆ ಪ್ರತಿಯಾಗಿ, ಬೆಲ್ಜಿಯಂ ದೇಶದ ಲೂವೆನ್ ನಗರದಲ್ಲಿ ಪಿಯೆರ್ ಶಾರ್ಲ್ ಅವರು ಸ್ಥಳೀಯ ಧರ್ಮಸಭೆಯನ್ನು ನೆಲೆಗೊಳಿಸುವುದೇ ಗುರಿ ಎಂದು ವಾದಿಸಿದರು.

1910ರ ಎಡಿನ್‌ಬರೊ ಸಮ್ಮೇಳನ

1910ರ ಜೂನ್ ತಿಂಗಳಲ್ಲಿ ಎಡಿನ್‌ಬರೊದಲ್ಲಿ ಜರುಗಿದ ವಿಶ್ವ ಮಿಷನರಿ ಸಮ್ಮೇಳನ ಈ ಶಾಸ್ತ್ರದ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಸಮ್ಮೇಳನಕ್ಕೆ ಮೊದಲೇ ಎಂಟು ಆಯೋಗಗಳು ವಿವಿಧ ದೇಶಗಳಲ್ಲಿದ್ದ ಮಿಷನರಿಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ ಉತ್ತರಗಳನ್ನು ಸಂಗ್ರಹಿಸಿದ್ದವು. ಇತರ ಧರ್ಮಗಳ ಬಗೆಗಿನ ಧೋರಣೆಯನ್ನು ಕುರಿತ ನಾಲ್ಕನೆಯ ಆಯೋಗಕ್ಕೆ ಭಾರತದಿಂದ ಬಂದ ಉತ್ತರಗಳಲ್ಲಿ ಹಿಂದೂ ಧರ್ಮದ ಬಗ್ಗೆ ಸಹಾನುಭೂತಿಯಿಂದ ಕೂಡಿದ ಅಭಿಪ್ರಾಯಗಳೂ ಇದ್ದವು.

ಸಮ್ಮೇಳನದ ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು ಮಾತ್ರ. ಅವರಲ್ಲಿ ಒಬ್ಬರಾದ ತಮಿಳುನಾಡು ಮೂಲದ ವಿ. ಎಸ್. ಅಜರಯ್ಯ ಅವರು ವಿದೇಶಿ ಮಿಷನರಿಗಳಿಗೂ ಭಾರತೀಯ ಕಾರ್ಯಕರ್ತರಿಗೂ ನಡುವೆ ಧಣಿ ಮತ್ತು ಸೇವಕರ ಸಂಬಂಧವಿದೆಯೇ ವಿನಾ ಸ್ನೇಹವಿಲ್ಲ ಎಂಬ ಅಂಶವನ್ನು ಸಭೆಯ ಮುಂದಿರಿಸಿದರು. ಈ ಭಾಷಣ ಅನೇಕರನ್ನು ಮುಜುಗರಕ್ಕೀಡು ಮಾಡಿತು. ಎರಡು ವರ್ಷಗಳ ತರುವಾಯ ಅಜರಯ್ಯ ಅವರು ದೋರ್ನಕಲ್‌ನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ಸಮ್ಮೇಳನದ ಫಲವಾಗಿ 1912ರಲ್ಲಿ ಜೆ. ಎಚ್. ಓಲ್ಡ್‌ಹ್ಯಾಮ್ ಅವರ ಸಂಪಾದಕತ್ವದಲ್ಲಿ 'ಇಂಟರ್‌ನ್ಯಾಷನಲ್ ರಿವ್ಯೂ ಆಫ್ ಮಿಷನ್ಸ್' ಪತ್ರಿಕೆ ಆರಂಭವಾಯಿತು.

ದೃಷ್ಟಿಕೋನದ ಪಲ್ಲಟ

ಮೊದಲನೆಯ ಮಹಾಯುದ್ಧದ ಅನಂತರ ಪಶ್ಚಿಮದ ನೈತಿಕ ಶ್ರೇಷ್ಠತೆಯ ಬಗೆಗಿನ ವಿಶ್ವಾಸ ಕುಗ್ಗಿತು. 1932ರಲ್ಲಿ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಅರ್ನೆಸ್ಟ್ ಹಾಕಿಂಗ್ ಅವರ ನೇತೃತ್ವದ ಸಮಿತಿಯು ಮಿಷನರಿಗಳು ಇತರ ಧರ್ಮಗಳೊಡನೆ ಸಹಕರಿಸಬೇಕೆಂದು ವರದಿ ನೀಡಿತು. ಇದಕ್ಕೆ ವಿರುದ್ಧವಾಗಿ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಅವರು ಕ್ರಿಸ್ತನ ಸಂದೇಶಕ್ಕೂ ಎಲ್ಲ ಧರ್ಮಗಳಿಗೂ ನಡುವೆ ಮೂಲಭೂತವಾದ ಅಂತರವಿದೆ ಎಂದು ಪ್ರತಿಪಾದಿಸಿದರು. ಅವರ ಗ್ರಂಥವು 1938ರಲ್ಲಿ ಮದರಾಸಿನ ಸಮೀಪದ ತಾಂಬರಂನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದ ಚರ್ಚೆಗಾಗಿ ರಚಿತವಾದುದು. ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಭಾರತೀಯ ಕ್ರೈಸ್ತ ಚಿಂತಕರು ಅದೇ ವರ್ಷ ಬೇರೊಂದು ಪುಸ್ತಕವನ್ನು ಹೊರತಂದು ಕ್ರೇಮರ್ ಅವರ ನಿಲುವನ್ನು ಖಂಡಿಸಿದರು. ಹಿಂದೂ ಪರಂಪರೆಯಲ್ಲಿ ಬೆಳೆದು ಬಂದವರಿಗೆ ಆ ಪರಂಪರೆ ಪೂರ್ಣವಾಗಿ ಹೊರಗಿನದಾಗಲು ಸಾಧ್ಯವಿಲ್ಲ ಎಂಬುದು ಅವರ ಅನುಭವವಾಗಿತ್ತು.

1949ರ ಕ್ರಾಂತಿಯ ಬಳಿಕ ಚೀನಾದಿಂದ ವಿದೇಶಿ ಮಿಷನರಿಗಳು ಹೊರಬರಬೇಕಾಯಿತು. ದೀರ್ಘಕಾಲ ಶ್ರಮಿಸಿದ ಕ್ಷೇತ್ರವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದುದು ಆತ್ಮಾವಲೋಕನಕ್ಕೆ ಎಡೆಮಾಡಿತು. 1952ರಲ್ಲಿ ಜರ್ಮನಿಯ ವಿಲ್ಲಿಂಗೆನ್‌ನಲ್ಲಿ ಸೇರಿದ ಸಭೆಯ ಅನಂತರ 'ಮಿಸಿಯೊ ದೇಯಿ', ಅಂದರೆ 'ದೇವರ ಮಿಷನ್', ಎಂಬ ಪರಿಕಲ್ಪನೆ ಪ್ರಚಾರಕ್ಕೆ ಬಂದಿತು. ಮಿಷನ್ ಎಂಬುದು ಚರ್ಚಿನ ಅಥವಾ ಸಂಸ್ಥೆಯ ಸ್ವತ್ತಲ್ಲ, ದೇವರೇ ಅದರ ಕರ್ತೃ ಎಂಬುದು ಇದರ ಸಾರ. ಈ ಪದವನ್ನು ಬಳಕೆಗೆ ತಂದವರಲ್ಲಿ ಪ್ರಮುಖರಾದ ಕಾರ್ಲ್ ಹಾರ್ಟೆನ್‌ಸ್ಟೈನ್ ಅವರು ಹಿಂದೆ ಬಾಸೆಲ್ ಮಿಷನ್ನಿನ ನಿರ್ದೇಶಕರಾಗಿದ್ದರು. 1969ರಲ್ಲಿ ಓಲ್ಡ್‌ಹ್ಯಾಮ್ ಅವರ ಪತ್ರಿಕೆಯ ಹೆಸರಿನಲ್ಲಿದ್ದ 'ಮಿಷನ್ಸ್' ಎಂಬ ಬಹುವಚನವು 'ಮಿಷನ್' ಎಂಬ ಏಕವಚನವಾಯಿತು. ಇದು ಕೂಡ ಈ ಚಿಂತನೆಯ ಪ್ರಭಾವವೇ. 1971ರಲ್ಲಿ ಕೆನ್ಯಾದ ಜಾನ್ ಗಾಟು ಅವರು ಪಶ್ಚಿಮದಿಂದ ಜನ ಮತ್ತು ಹಣ ಬರುವುದನ್ನು ಕೆಲಕಾಲ ನಿಲ್ಲಿಸಬೇಕೆಂದು ಕರೆಯಿತ್ತರು.

ಇವೆಲ್ಲಕ್ಕಿಂತ ಬೇರೆಯಾದ ದಾರಿಯನ್ನು ಹಿಡಿದವರು ಮಧ್ಯ ಭಾರತದ ದಮೋಹದಲ್ಲಿ ಜನಿಸಿದ ಅಮೆರಿಕನ್ ಮಿಷನರಿ ಡೊನಾಲ್ಡ್ ಮೆಕ್‌ಗಾವ್ರನ್. ಜನರು ತಮ್ಮ ಜಾತಿ, ಭಾಷೆ ಅಥವಾ ವರ್ಗದ ಎಲ್ಲೆಗಳನ್ನು ದಾಟದೆ ಗುಂಪಾಗಿ ಕ್ರೈಸ್ತರಾಗಬಯಸುತ್ತಾರೆ ಎಂದು ಅವರು 1955ರ ತಮ್ಮ ಗ್ರಂಥದಿಂದ ಮೊದಲ್ಗೊಂಡು ವಾದಿಸಿದರು. 1965ರಲ್ಲಿ ಅವರು ಕ್ಯಾಲಿಫೋರ್ನಿಯಾದ ಫುಲ್ಲರ್ ಸಂಸ್ಥೆಯಲ್ಲಿ ಈ ವಿಷಯದ ವಿಭಾಗವನ್ನು ಆರಂಭಿಸಿದರು. ಈ ವಿಧಾನವು ಜಾತಿಭೇದವನ್ನು ಸಭೆಯೊಳಗೇ ಉಳಿಸಿಕೊಳ್ಳಲು ಸಮ್ಮತಿ ನೀಡುತ್ತದೆ ಎಂಬ ಬಲವಾದ ಆಕ್ಷೇಪ ಭಾರತದಿಂದಲೂ ಇತರ ದೇಶಗಳಿಂದಲೂ ಕೇಳಿಬಂದಿತು. ದಕ್ಷಿಣ ಆಫ್ರಿಕದ ಡೇವಿಡ್ ಬಾಷ್ ಅವರು 1991ರಲ್ಲಿ ಪ್ರಕಟಿಸಿದ 'ಟ್ರಾನ್ಸ್‌ಫಾರ್ಮಿಂಗ್ ಮಿಷನ್' ಈ ವಿವಿಧ ಧಾರೆಗಳನ್ನು ಒಂದೆಡೆ ತಂದ ಗ್ರಂಥವಾಗಿದ್ದು, ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ.

ಇತಿಹಾಸಕಾರರು ಮತ್ತು ಮಾನವಶಾಸ್ತ್ರಜ್ಞರು

1970ರ ದಶಕದಿಂದ ಮಿಷನ್ ದಾಖಲೆಗಳು ದೈವಶಾಸ್ತ್ರದ ಹೊರಗಿನವರನ್ನು ಆಕರ್ಷಿಸತೊಡಗಿದವು. ಜೀನ್ ಮತ್ತು ಜಾನ್ ಕೊಮರಾಫ್ ದಂಪತಿಗಳು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಆಫ್ರಿಕದ ತ್ಸ್ವಾನಾ ಜನರ ನಡುವೆ ಕೆಲಸ ಮಾಡಿದ ಬ್ರಿಟಿಷ್ ಮಿಷನರಿಗಳನ್ನು ಪರಿಶೀಲಿಸಿದರು. ಮನೆ, ಉಡುಪು, ನೇಗಿಲು, ಗಡಿಯಾರ, ಹಣ ಇವುಗಳ ಮೂಲಕ ಮಿಷನರಿಗಳು ಜನರ ದೈನಂದಿನ ಬದುಕನ್ನೂ ಪ್ರಜ್ಞೆಯನ್ನೂ ವಸಾಹತು ವ್ಯವಸ್ಥೆಗೆ ಒಗ್ಗಿಸಿದರು ಎಂಬುದು ಅವರ ಪ್ರತಿಪಾದನೆ. ಈ ವಿವರಣೆಯಲ್ಲಿ ಆಫ್ರಿಕನ್ನರ ಸ್ವಂತ ಆಯ್ಕೆಗೆ ತಕ್ಕಷ್ಟು ಸ್ಥಾನ ದೊರೆತಿಲ್ಲ ಎಂದು ಟೀಕಿಸಿದವರಲ್ಲಿ ಜೆ. ಡಿ. ವೈ. ಪೀಲ್ ಒಬ್ಬರು. ನೈಜೀರಿಯಾದ ಯೊರೂಬಾ ಜನರನ್ನು ಕುರಿತ 2000ದ ತಮ್ಮ ಗ್ರಂಥಕ್ಕೆ ಅವರು ಚರ್ಚ್ ಮಿಷನರಿ ಸೊಸೈಟಿಯ ದಿನಚರಿಗಳನ್ನು ಬಳಸಿಕೊಂಡರು. ಆ ದಿನಚರಿಗಳಲ್ಲಿ ಗಣನೀಯ ಭಾಗವನ್ನು ಬರೆದವರು ಆಫ್ರಿಕನ್ ಬೋಧಕರೇ ಆಗಿದ್ದರು.

ಗ್ಯಾಂಬಿಯಾದ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಮುಂದೆ ಕ್ರೈಸ್ತರಾದ ಲಮಿನ್ ಸಾನೆ (1942–2019) ಅವರು 1989ರಲ್ಲಿ ಭಾಷಾಂತರದ ಪಾತ್ರವನ್ನು ಕುರಿತು ಹೊಸ ವಾದವನ್ನು ಮಂಡಿಸಿದರು. ಬೈಬಲನ್ನು ಸ್ಥಳೀಯ ಭಾಷೆಗೆ ತರುವಾಗ ಮಿಷನರಿಯು ಆ ಭಾಷೆಗೆ ಲಿಪಿ, ವ್ಯಾಕರಣ, ನಿಘಂಟುಗಳನ್ನು ಒದಗಿಸಬೇಕಾಗುತ್ತದೆ. ದೇವರಿಗೆ ಆ ಜನ ಬಳಸುವ ಹೆಸರನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಹೀಗೆ ಅವನ ಉದ್ದೇಶವೇನೇ ಇರಲಿ, ಸ್ಥಳೀಯ ಸಂಸ್ಕೃತಿಗೆ ಬಲ ಬರುತ್ತದೆ ಎಂಬುದು ಸಾನೆಯವರ ಅಭಿಪ್ರಾಯ. ಸಿಯೆರಾ ಲಿಯೋನಿನಲ್ಲಿ ಬೋಧಿಸಿದ್ದ ಸ್ಕಾಟ್ಲೆಂಡಿನ ಆಂಡ್ರ್ಯೂ ವಾಲ್ಸ್ (1928–2021) ಅವರು ಕ್ರೈಸ್ತಧರ್ಮದ ಜನಬಾಹುಳ್ಯವು ಯುರೋಪಿನಿಂದ ಆಫ್ರಿಕ, ಏಷ್ಯಾ ಹಾಗೂ ಲ್ಯಾಟಿನ್ ಅಮೆರಿಕಗಳತ್ತ ಸರಿದಿರುವುದರಿಂದ ಅದರ ಇತಿಹಾಸವನ್ನು ಅಲ್ಲಿಂದಲೇ ಬರೆಯಬೇಕು ಎಂದು ಪ್ರತಿಪಾದಿಸಿದರು.

ಆಕರಗಳು ಮತ್ತು ಅವುಗಳ ವಿಮರ್ಶೆ

ಮಿಷನರಿಗಳ ಪತ್ರಗಳು, ವಾರ್ಷಿಕ ವರದಿಗಳು, ದಿನಚರಿಗಳು, ಲೆಕ್ಕಪತ್ರಗಳು, ದೀಕ್ಷಾಸ್ನಾನದ ದಾಖಲೆಗಳು ಹಾಗೂ ಛಾಯಾಚಿತ್ರಗಳು ಈ ಶಾಸ್ತ್ರದ ಮುಖ್ಯ ಆಕರಗಳು. ಇವುಗಳಲ್ಲಿ ಬಹುಪಾಲು ಮೇಲಧಿಕಾರಿಗಳಿಗಾಗಿ ಅಥವಾ ದಾನಿಗಳಿಗಾಗಿ ಸಿದ್ಧಪಡಿಸಿದವು. ದಾನಿಗಳ ಉತ್ಸಾಹ ಕುಂದದಂತೆ ನೋಡಿಕೊಳ್ಳುವ ಅಗತ್ಯ ಬರೆಯುವವರಿಗೂ ಮುದ್ರಿಸುವವರಿಗೂ ಇತ್ತು. ಆದ್ದರಿಂದ ಒಂದು ಬರಹವನ್ನು ಯಾರು, ಯಾರಿಗಾಗಿ, ಯಾವಾಗ ಬರೆದರು ಎಂಬುದನ್ನು ನಿರ್ಧರಿಸದೆ ಅದನ್ನು ಪ್ರಮಾಣವೆಂದು ಸ್ವೀಕರಿಸುವಂತಿಲ್ಲ.

ತರಂಗಂಬಾಡಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 1706ರಲ್ಲಿ ಅಲ್ಲಿಗೆ ಬಂದ ಬಾರ್ತೊಲೊಮೇಯುಸ್ ಸೀಗೆನ್‌ಬಾಲ್ಗ್ ಅವರು ತಮಿಳರ ದೇವತೆಗಳನ್ನು ಕುರಿತು ವಿಸ್ತಾರವಾದ ಗ್ರಂಥವನ್ನು 1713ರಲ್ಲಿ ಪೂರೈಸಿ ಜರ್ಮನಿಯ ಹಾಲೆಗೆ ಕಳುಹಿಸಿದರು. ಅನ್ಯಧರ್ಮವನ್ನು ನಿರ್ಮೂಲಗೊಳಿಸಲು ಹೋದವರು ಅದರ ವಿವರಗಳನ್ನು ಯುರೋಪಿನಲ್ಲಿ ಹರಡುವುದು ಸಲ್ಲದು ಎಂದು ಭಾವಿಸಿದ ಅಲ್ಲಿನ ಹಿರಿಯರು ಅದನ್ನು ಮುದ್ರಿಸಲಿಲ್ಲ. ಗ್ರಂಥ ಬೆಳಕು ಕಂಡುದು 1867ರಲ್ಲಿ, ಮದರಾಸಿನಲ್ಲಿ. ಇದೇ ಮಿಷನ್ನಿನ ಪತ್ರಗಳು 1710ರಿಂದ ಹಾಲೆಯಲ್ಲಿ ಸರಣಿಯಾಗಿ ಅಚ್ಚಾದವು. ಆದರೆ ಮುದ್ರಣಕ್ಕೆ ಮುನ್ನ ಅವುಗಳನ್ನು ತಿದ್ದಿ ಸಂಪಾದಿಸಲಾಗುತ್ತಿತ್ತು. ಹಾಗಾಗಿ ಇಂದಿನ ಸಂಶೋಧಕರು ಹಾಲೆಯ ಫ್ರಾಂಕೆ ಸಂಸ್ಥೆಯ ಪತ್ರಾಗಾರದಲ್ಲಿರುವ ಹಸ್ತಪ್ರತಿಗಳನ್ನು ಮುದ್ರಿತ ಪಾಠದೊಡನೆ ಹೋಲಿಸಿ ನೋಡುತ್ತಾರೆ.

ಮೈಸೂರು ಸೀಮೆಗೆ ಸಂಬಂಧಿಸಿದ ಇನ್ನೊಂದು ನಿದರ್ಶನವಿದೆ. ಶ್ರೀರಂಗಪಟ್ಟಣದ ಸುತ್ತಮುತ್ತಲ ಪ್ರದೇಶದಲ್ಲಿ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರಿನಲ್ಲಿ ಹಿಂದೂಗಳ ರೀತಿನೀತಿಗಳನ್ನು ಕುರಿತ ಪ್ರಸಿದ್ಧ ಗ್ರಂಥವಿದೆ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಪಡೆಯಿತು. ಆಡಳಿತಗಾರರು ಅದನ್ನು ಬಹುಕಾಲ ಕೈಪಿಡಿಯಂತೆ ಬಳಸಿದರು. ಆ ಗ್ರಂಥವು ಬಹುಮಟ್ಟಿಗೆ 18ನೆಯ ಶತಮಾನದ ಜೆಸ್ಯೂಟ್ ಕೂರ್ದು ಅವರ ಬರಹವನ್ನು ಆಧರಿಸಿದೆ ಎಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಸ್ಥಾಪಿಸಿದರು. 19ನೆಯ ಶತಮಾನದ ಮೈಸೂರಿನ ಪ್ರತ್ಯಕ್ಷ ವರ್ಣನೆಯೆಂದು ಓದಿಕೊಂಡು ಬಂದ ಭಾಗಗಳು ಬೇರೆ ಕಾಲದ, ಬೇರೆ ಪ್ರದೇಶದ ವಿವರಗಳಾಗಿದ್ದವು. ದ್ಯುಬುವಾ ಅವರ ಮತ್ತೊಂದು ಕೃತಿಯೂ ಗಮನಾರ್ಹ. 1823ರ ತಮ್ಮ ಪತ್ರಸಂಗ್ರಹದಲ್ಲಿ ಅವರು ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಅಸಾಧ್ಯವೆಂದು ಒಪ್ಪಿಕೊಂಡಿದ್ದರು. ಇದು ಪ್ರಾಟೆಸ್ಟಂಟ್ ಮಿಷನರಿಗಳನ್ನು ಕೆರಳಿಸಿತು.

ಭಾರತದಲ್ಲಿ ಅಧ್ಯಯನ

ಭಾರತದಲ್ಲಿ ಮಿಷನ್ ಇತಿಹಾಸವನ್ನು ಬಹುಕಾಲ ಮಿಷನರಿಗಳೇ ಬರೆದರು. ಅವುಗಳಲ್ಲಿ ಭಾರತೀಯರು ಸಂಖ್ಯೆಗಳಾಗಿ ಅಥವಾ ಸಹಾಯಕರಾಗಿ ಮಾತ್ರ ಕಾಣಿಸಿಕೊಂಡರು. 1935ರಲ್ಲಿ ಸ್ಥಾಪಿತವಾದ ಭಾರತ ಕ್ರೈಸ್ತಸಭಾ ಇತಿಹಾಸ ಸಂಘವು 1970ರ ದಶಕದಲ್ಲಿ ಈ ಕ್ರಮವನ್ನು ಬದಲಿಸಲು ನಿರ್ಧರಿಸಿತು. ಭಾರತದ ಕ್ರೈಸ್ತರ ಇತಿಹಾಸವನ್ನು ಪಶ್ಚಿಮದ ಮಿಷನ್ನುಗಳ ವಿಸ್ತರಣೆಯಾಗಿ ಕಾಣದೆ, ದೇಶದ ಸಾಮಾಜಿಕ ಹಾಗೂ ಸಾಂಸ್ಕೃತಿಕ ಇತಿಹಾಸದ ಭಾಗವಾಗಿ ಬರೆಯಬೇಕೆಂಬುದು ಅದರ ನಿಲುವು. 1980ರ ದಶಕದಿಂದ ಪ್ರಕಟವಾದ ಬಹುಸಂಪುಟಗಳ ಇತಿಹಾಸ ಈ ನಿಲುವಿನ ಫಲ.

ಮತಾಂತರದಲ್ಲಿ ಮೊದಲ ಹೆಜ್ಜೆಯನ್ನು ಇಟ್ಟವರು ಯಾರು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಪಂಜಾಬಿನ ಸಿಯಾಲ್‌ಕೋಟ್ ಪ್ರದೇಶದಲ್ಲಿ 1873ರಲ್ಲಿ ಅಸ್ಪೃಶ್ಯ ಚೂಹ್ರಾ ಜಾತಿಯ ದಿತ್ತ್ ಎಂಬ ಚರ್ಮದ ವ್ಯಾಪಾರಿ ದೀಕ್ಷಾಸ್ನಾನವನ್ನು ಕೇಳಿಕೊಂಡು ಬಂದನು. ಆತನಿಗೆ ತಕ್ಕ ಶಿಕ್ಷಣವಿಲ್ಲವೆಂದು ಮಿಷನರಿ ಹಿಂಜರಿದರು. ದೀಕ್ಷೆಯ ಬಳಿಕ ಮಿಷನ್ನಿನ ಆಶ್ರಯದಲ್ಲಿ ಉಳಿಯದೆ ದಿತ್ತ್ ಊರಿಗೆ ಹಿಂದಿರುಗಿ, ತನ್ನ ಬಂಧುಗಳನ್ನೂ ನೆರೆಯವರನ್ನೂ ಕರೆತಂದನು. ಮುಂದಿನ ದಶಕಗಳಲ್ಲಿ ಆ ಪ್ರದೇಶದ ಚೂಹ್ರಾ ಜನರು ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತರಾದರು. ದಲಿತ ಕ್ರೈಸ್ತರ ಇತಿಹಾಸವನ್ನು ಬರೆದ ಜಾನ್ ಸಿ. ಬಿ. ವೆಬ್‌ಸ್ಟರ್ ಅವರು ಇಂಥ ಸಾಮೂಹಿಕ ಚಳವಳಿಗಳನ್ನು ಆರಂಭಿಸಿದವರು ದಲಿತರೇ, ಮಿಷನರಿಗಳು ಅವುಗಳನ್ನು ಹಿಂಬಾಲಿಸಿದರು ಎಂದು ತೋರಿಸಿದ್ದಾರೆ. ಹೀಗೆ ಓದಿದಾಗ ಮತಾಂತರವು ಹೊರಗಿನಿಂದ ಮಾಡಿಸಿದ ಕ್ರಿಯೆಯಾಗಿ ಉಳಿಯದೆ, ಜಾತಿಪದ್ಧತಿಗೆ ಜನರು ನೀಡಿದ ಉತ್ತರವಾಗಿ ಕಾಣುತ್ತದೆ.

ಇದಕ್ಕೆ ಭಿನ್ನವಾದ ಅಭಿಪ್ರಾಯಗಳೂ ಪ್ರಬಲವಾಗಿವೆ. ಮಧ್ಯಪ್ರದೇಶ ಸರ್ಕಾರ 1954ರಲ್ಲಿ ನೇಮಿಸಿದ ನಿಯೋಗಿ ಸಮಿತಿಯು 1956ರ ತನ್ನ ವರದಿಯಲ್ಲಿ, ವಿದೇಶಿ ಹಣ ಹಾಗೂ ಆಮಿಷಗಳಿಂದ ಮತಾಂತರ ನಡೆಯುತ್ತಿದೆ ಎಂದು ಹೇಳಿ ನಿರ್ಬಂಧಗಳನ್ನು ಶಿಫಾರಸು ಮಾಡಿತು. ಗಾಂಧೀಜಿಯವರು ಮಿಷನರಿಗಳ ಸೇವೆಯನ್ನು ಮೆಚ್ಚಿದರೂ ಸೇವೆಯ ಹಿಂದೆ ಮತಾಂತರದ ಉದ್ದೇಶವಿರುವುದನ್ನು ಒಪ್ಪಲಿಲ್ಲ. ಗೌರಿ ವಿಶ್ವನಾಥನ್ ಅವರ 1998ರ ಅಧ್ಯಯನವು ಮತಾಂತರವನ್ನು ಕಾನೂನು, ಜನಗಣತಿ ಮತ್ತು ಪೌರತ್ವದ ಹಿನ್ನೆಲೆಯಲ್ಲಿರಿಸಿ, ಅದು ಸ್ಥಾಪಿತ ವ್ಯವಸ್ಥೆಯ ವಿರುದ್ಧ ವ್ಯಕ್ತಿಯ ಪ್ರತಿಭಟನೆಯೂ ಆಗಬಲ್ಲದು ಎಂದು ವಿವರಿಸಿತು.

ಕರ್ನಾಟಕ ಮತ್ತು ಮಿಷನ್ ಶಾಸ್ತ್ರ

ಕನ್ನಡ ನಾಡಿಗೆ ಸಂಬಂಧಿಸಿದ ಅತ್ಯಂತ ಸಮೃದ್ಧ ಆಕರ ಬಾಸೆಲ್ ಮಿಷನ್ನಿನದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆರಂಭವಾದ ಈ ಸಂಸ್ಥೆ 1834ರಲ್ಲಿ ಮಂಗಳೂರಿನಲ್ಲಿ ಕೆಲಸ ತೊಡಗಿತು. ಇದರ ಮಿಷನರಿಗಳು ನಿಯತವಾಗಿ ವರದಿ ಕಳುಹಿಸಬೇಕೆಂಬ ಕಟ್ಟುನಿಟ್ಟು ಇದ್ದುದರಿಂದ ಬಾಸೆಲ್ ಪತ್ರಾಗಾರದಲ್ಲಿ ಅಪಾರ ಸಾಮಗ್ರಿ ಉಳಿದಿದೆ. ಅದರ ಸಾವಿರಾರು ಛಾಯಾಚಿತ್ರಗಳು ಅಂತರಜಾಲದಲ್ಲಿ ಲಭ್ಯವಿವೆ. 19ನೆಯ ಶತಮಾನದ ವರದಿಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಅದನ್ನು ಓದಲು ಜರ್ಮನ್ ಬಲ್ಲವರಿಗೂ ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಮಿಷನ್ ಇತಿಹಾಸದ ದಾಖಲೆಗಳ ಸಂಗ್ರಹಗಳಿವೆ.

ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ 'ಮಂಗಳೂರ ಸಮಾಚಾರ', ಫರ್ಡಿನಾಂಡ್ ಕಿಟ್ಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು, 1865ರಲ್ಲಿ ಪ್ರಾರಂಭವಾದ ಹಂಚಿನ ಕಾರ್ಖಾನೆ ಇವುಗಳನ್ನು ಕನ್ನಡಿಗರು ಸಾಧನೆಗಳೆಂದು ಸ್ಮರಿಸುತ್ತಾರೆ. ಮಿಷನ್ ಶಾಸ್ತ್ರ ಇವೇ ಸಂಗತಿಗಳ ಬಗ್ಗೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಮತಾಂತರದ ಲೆಕ್ಕದಲ್ಲಿ ಕಿಟ್ಟೆಲ್ ಅವರು ಯಶಸ್ವಿ ಮಿಷನರಿಯಲ್ಲ. ಭಾಷೆ ಮತ್ತು ಸಾಹಿತ್ಯಗಳಲ್ಲಿ ಅವರಿಗಿದ್ದ ತೀವ್ರ ಆಸಕ್ತಿ ಸಹೋದ್ಯೋಗಿಗಳಿಗೆ ಸದಾ ಹಿಡಿಸಲಿಲ್ಲ. ಅವರ ಜೀವಿತಕಾಲದ ಸೋಲು ಮತ್ತು ಮರಣೋತ್ತರ ಕೀರ್ತಿಗಳೇ 2006ರಲ್ಲಿ ರೈನ್‌ಹಾರ್ಡ್ ವೆಂಟ್ ಅವರು ಸಂಪಾದಿಸಿದ ಸಂಪುಟದ ವಿಷಯ. ಹಂಚಿನ ಕಾರ್ಖಾನೆ, ನೇಯ್ಗೆಶಾಲೆಗಳು ದೀಕ್ಷೆ ಪಡೆದು ಕುಲವೃತ್ತಿಯನ್ನೂ ಬಂಧುಬಳಗವನ್ನೂ ಕಳೆದುಕೊಂಡವರಿಗೆ ಜೀವನೋಪಾಯವಾಗಿ ಹುಟ್ಟಿದವು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದು, ಬಾಸೆಲ್‌ನಲ್ಲಿ ಓದಿ, ಮಿಷನರಿಯಾಗಿ ಮರಳಿದರು. ಅವರಂಥವರ ಬದುಕು ಮಿಷನರಿ ಮತ್ತು ಸ್ಥಳೀಯ ಎಂಬ ಸರಳ ವಿಭಜನೆಗೆ ಹೊಂದುವುದಿಲ್ಲ.

ಕನ್ನಡದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಶ್ರೀನಿವಾಸ ಹಾವನೂರರು ಪ್ರಮುಖರು. 1974ರಲ್ಲಿ ಪ್ರಕಟವಾದ ಅವರ 'ಹೊಸಗನ್ನಡದ ಅರುಣೋದಯ' 19ನೆಯ ಶತಮಾನದ ಕನ್ನಡ ಗದ್ಯ, ಮುದ್ರಣ ಹಾಗೂ ಪತ್ರಿಕೆಗಳ ಬೆಳವಣಿಗೆಯಲ್ಲಿ ಮಿಷನರಿಗಳ ಪಾತ್ರವನ್ನು ಮೂಲ ಸಾಮಗ್ರಿಯಿಂದ ನಿರೂಪಿಸಿತು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಸ್ವತಃ ಕ್ರೈಸ್ತ ಬೋಧಕರಾಗಿದ್ದರು. ಶರಣ ಸಾಹಿತ್ಯದ ಅಧ್ಯಯನದಲ್ಲಿ ಅವರು ತೋರಿದ ಗೌರವವು ಮಿಷನ್ ಪರಂಪರೆಯೊಳಗಿನಿಂದಲೇ ಬಂದ ಭಿನ್ನ ಧೋರಣೆಗೆ ಸಾಕ್ಷಿ. ಕಾರ್ಕಳದಲ್ಲಿ ಜನಿಸಿದ ಸ್ಟ್ಯಾನ್ಲಿ ಸಮರ್ಥ (1920–2001) ಅವರು ಮಂಗಳೂರಿನಲ್ಲಿ ಬೋಧಿಸಿ, ಮುಂದೆ ಜಿನೀವಾದಲ್ಲಿ ವಿಶ್ವ ಕ್ರೈಸ್ತಸಭೆಗಳ ಮಂಡಳಿಯ ಅಂತರಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಅನ್ಯಧರ್ಮೀಯರನ್ನು ಮತಾಂತರದ ಗುರಿಯಾಗಿ ಕಾಣದೆ ಸಂವಾದದ ಸಹಭಾಗಿಗಳಾಗಿ ಕಾಣಬೇಕೆಂಬ ಅವರ ಚಿಂತನೆ ಜಗತ್ತಿನಾದ್ಯಂತ ಚರ್ಚಿತವಾಗಿದೆ.

ಟೀಕೆಗಳು

ಮಿಷನ್ ಶಾಸ್ತ್ರದ ಮೇಲಿನ ಮೊದಲ ಆಕ್ಷೇಪ ಅದರ ತಟಸ್ಥತೆಯನ್ನು ಕುರಿತದ್ದು. ತಾನು ಅಧ್ಯಯನ ಮಾಡುವ ಕಾರ್ಯದ ಯಶಸ್ಸನ್ನು ಬಯಸುವ ವಿದ್ವಾಂಸನು ಅದರ ದೋಷಗಳನ್ನು ನಿಷ್ಪಕ್ಷಪಾತವಾಗಿ ಕಾಣಬಲ್ಲನೇ ಎಂದು ಕೇಳಲಾಗುತ್ತದೆ. ಇದಕ್ಕೆ ಪ್ರತಿಯಾಗಿ, ನಂಬಿಕೆಯನ್ನು ಅಧಿಕಾರ ಅಥವಾ ಹಣದ ಮುಖವಾಡವೆಂದಷ್ಟೇ ಭಾವಿಸುವ ಹೊರಗಿನ ವಿದ್ವಾಂಸನಿಗೆ ದೀಕ್ಷೆ ಪಡೆದವನ ಮನಸ್ಸು ಅರ್ಥವಾಗುವುದಿಲ್ಲ ಎಂದು ಒಳಗಿನವರು ಹೇಳುತ್ತಾರೆ.

ಎರಡನೆಯ ಆಕ್ಷೇಪವು ಆಕರಗಳಿಗೆ ಸಂಬಂಧಿಸಿದೆ. ಪತ್ರಾಗಾರಗಳು ಬಹುಪಾಲು ಯುರೋಪಿನಲ್ಲಿವೆ. ಅಲ್ಲಿಗೆ ಹೋಗಿ ಓದುವ ಅನುಕೂಲ ಭಾರತ ಅಥವಾ ಆಫ್ರಿಕದ ಸಂಶೋಧಕರಿಗೆ ಸುಲಭವಾಗಿ ದೊರೆಯುವುದಿಲ್ಲ. ದಾಖಲೆಗಳಲ್ಲಿ ಮಹಿಳೆಯರ ದನಿ ಕ್ಷೀಣವಾಗಿದೆ. ಮನೆಮನೆಗೆ ಹೋಗಿ ಅಕ್ಷರ ಕಲಿಸಿದ 'ಬೈಬಲ್ ಮಹಿಳೆಯರು', ಭಾಷಾಂತರಕ್ಕೆ ನೆರವಾದ ಪಂಡಿತರು, ಊರೂರು ಸುತ್ತಿದ ಉಪದೇಶಿಗಳು ವರದಿಗಳಲ್ಲಿ ಅನೇಕ ವೇಳೆ ಹೆಸರಿಲ್ಲದೆ ಬರುತ್ತಾರೆ. ಮೂರನೆಯದಾಗಿ, ಮಿಷನ್ ಕಾರ್ಯದ ದೂರಗಾಮಿ ಪರಿಣಾಮಗಳನ್ನು ಅಂಕಿಅಂಶಗಳಿಂದ ಅಳೆಯುವ ಪ್ರಯತ್ನಗಳು ವಿವಾದಾತ್ಮಕವಾಗಿವೆ. ಪ್ರಾಟೆಸ್ಟಂಟ್ ಮಿಷನ್ನುಗಳಿಗೂ ಪ್ರಜಾಪ್ರಭುತ್ವದ ಬೆಳವಣಿಗೆಗೂ ಸಂಬಂಧವಿದೆ ಎಂದು 2012ರಲ್ಲಿ ರಾಬರ್ಟ್ ವುಡ್‌ಬರಿ ಅವರು ಮಂಡಿಸಿದ ವಾದವನ್ನು ನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ.

ಇಂದಿನ ಸ್ಥಿತಿ

1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಮಿಷನ್ ಅಧ್ಯಯನ ಸಂಘವು ವಿವಿಧ ಪಂಗಡಗಳ ವಿದ್ವಾಂಸರನ್ನು ಒಂದೆಡೆ ಸೇರಿಸುತ್ತದೆ. ಯುರೋಪಿನ ಹಲವು ವಿದ್ಯಾಪೀಠಗಳಲ್ಲಿ ಈ ವಿಷಯವನ್ನು ಈಗ 'ಅಂತರಸಾಂಸ್ಕೃತಿಕ ದೈವಶಾಸ್ತ್ರ' ಅಥವಾ 'ವಿಶ್ವ ಕ್ರೈಸ್ತಧರ್ಮದ ಅಧ್ಯಯನ' ಎಂಬ ಹೆಸರಿನಲ್ಲಿ ಬೋಧಿಸಲಾಗುತ್ತಿದೆ. ಏಷ್ಯಾ, ಆಫ್ರಿಕ ಹಾಗೂ ಲ್ಯಾಟಿನ್ ಅಮೆರಿಕಗಳಿಂದ ಯುರೋಪಿಗೆ ತೆರಳುವ ಮಿಷನರಿಗಳು ಇಂದಿನ ಅಧ್ಯಯನದ ಹೊಸ ವಿಷಯ. ದಕ್ಷಿಣ ಕೊರಿಯ ಅನೇಕ ಮಿಷನರಿಗಳನ್ನು ಹೊರದೇಶಗಳಿಗೆ ಕಳುಹಿಸುವ ರಾಷ್ಟ್ರಗಳಲ್ಲಿ ಒಂದಾಗಿದೆ.

ಕನ್ನಡದ ಮಟ್ಟಿಗೆ, ಮಿಷನರಿಗಳ ಭಾಷಾಸೇವೆಯನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ದೀಕ್ಷೆ ಪಡೆದ ಕುಟುಂಬಗಳು, ಕಾರ್ಖಾನೆಯ ಕೆಲಸಗಾರರು, ಮಿಷನ್ ಶಾಲೆಯಲ್ಲಿ ಓದಿಯೂ ತಮ್ಮ ಧರ್ಮದಲ್ಲೇ ಉಳಿದವರು ಇವರೆಲ್ಲರ ಇತಿಹಾಸಕ್ಕೆ ಜರ್ಮನ್ ವರದಿಗಳನ್ನು ಕನ್ನಡ, ತುಳು ಹಾಗೂ ಕೊಂಕಣಿಗಳ ಮೌಖಿಕ ನೆನಪುಗಳೊಡನೆ ಹೋಲಿಸಿ ಓದಬೇಕಾಗುತ್ತದೆ. ದಾನಿಗಳಿಗಾಗಿ ಬರೆದ ವರದಿಯ ಹೆಸರಿಲ್ಲದ ಉಪದೇಶಿ ಒಂದು ಕುಟುಂಬದ ನೆನಪಿನಲ್ಲಿ ಹೆಸರುಳ್ಳ ಅಜ್ಜನಾಗಿರಬಹುದು. ಎರಡನ್ನೂ ಸೇರಿಸಿ ಓದಿದಾಗಲೇ ಆತನ ಪಾಲಿನ ಕೆಲಸ ಇತಿಹಾಸದಲ್ಲಿ ದಾಖಲಾಗುತ್ತದೆ.